ಸೋಲಲು ಬಿಡದ ನೀಲಿ ಚಡ್ಡಿಯ ವೀರರಿಗೆ

ಮಾನ್ಯರೇ,

‘ಟೈಗರ್ ಎಲ್ಬೋ ಮೂರು’ ಎಂಬ ವಿಡಿಯೋ ಗೇಮಿನ ಬಲಬದಿಯ ಕುಸ್ತಿಪಟುಗಳಾದ ತಮಗೆ, ಇನ್ನಂಜೆಯಿಂದ ನವವಿವಾಹಿತೆ ಪ್ರಣೀತಾಳ ಅನಂತ ನಮಸ್ಕಾರಗಳು. ಒಂದನ್ನೂ ಎರಡನ್ನೂ ಈ ಭೂಮಿಯ ಮೇಲೆ ಯಾರೂ ಕಂಡಿಲ್ಲವಾದ್ದರಿಂದ ನೇರವಾಗಿ ಮೂರಕ್ಕೇ ನಮಸ್ಕರಿಸುತ್ತಿದ್ದೇನೆ.

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಲ್ಲ. ಮದುವೆಯ ಮೆಹಂದಿ ಮಾಸುವ ಮೊದಲೇ ಆಟಿ, ಅಂದರೆ ನಮ್ಮ ತುಳುವರ ಆಷಾಢ, ಬಂತು. ಹೊಸ ಮದುಮಗಳು ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರಬೇಕು ಎಂಬುದು ನಮ್ಮ ಕಡೆಯ ಕ್ರಮ. ಆ ಕ್ರಮಕ್ಕೆ ನಮ್ಮ ಮನೆಯಲ್ಲಿ ಕುಶಲಾ ಅಜ್ಜಿಯೇ ಹೈಕೋರ್ಟು. ನನ್ನ ಗಂಡ ಪ್ರಖ್ಯಾತ್ (ಆಹಾ, ಹೆಸರು ಬರೆಯುವಾಗಲೇ ನಗು ಬರುತ್ತದೆ!) ಅಲ್ಲಿ ಬಜಗೋಳಿಯಲ್ಲಿ, ನಾನು ಇಲ್ಲಿ. ಬೇಸರ ಕಳೆಯಲು ತಮ್ಮನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹಳೆಯ ಡಬ್ಬ ಟಿವಿಗೆ ಜೋಡಿಸಿದೆ.

ಬಾಲ್ಯದಲ್ಲಿ ತಾವು ನನ್ನ ಕಣ್ಣಿಗೆ ಸಾಕ್ಷಾತ್ ಸಿಡಿಲು. ಈಗ ನೋಡಿದರೆ ನೀಲಿ ಚಡ್ಡಿ ತೊಡಿಸಿದ ಬೆಂಕಿಪೊಟ್ಟಣ; ಹೆಸರಿನಲ್ಲಿ ‘ಎಲ್ಬೋ’ ಇದ್ದರೂ ಮೊಣಕೈ ಮಡಚಲು ಬಾರದು. ತಮ್ಮ ಒದೆತ ಎದುರಾಳಿಯನ್ನು ಮುಟ್ಟುವುದರೊಳಗೆ ಉಡುಪಿಯಲ್ಲಿ ಹೊರಟ ಬಸ್ಸು ಕಾರ್ಕಳ ಮುಟ್ಟುತ್ತದೆ. ತಮ್ಮ ಘರ್ಜನೆಯೋ, ಮಿಕ್ಸಿಯಲ್ಲಿ ತೆಂಗಿನಕಾಯಿ ಚೂರು ಸಿಕ್ಕಿಕೊಂಡ ಸದ್ದು. ಇರಲಿ, ರೂಪ ಯಾರ ಕೈಯಲ್ಲೂ ಇಲ್ಲ. ನನ್ನ ದೂರು ಬೇರೆಯೇ ಉಂಟು.

ಕಳೆದ ಭಾನುವಾರ ಪತ್ರೊಡೆ ತಿನ್ನುವ ನೆಪದಲ್ಲಿ ಬಂದ ಪ್ರಖ್ಯಾತ್, ನನ್ನನ್ನು ಕರೆದುಕೊಂಡು ಹೋಗಬಹುದೇ ಎಂದು ಧೈರ್ಯ ಮಾಡಿ ಕೇಳಿಯೇ ಬಿಟ್ಟರು. ಅಜ್ಜಿ ಟಿವಿಯತ್ತ ಬೆರಳು ತೋರಿಸಿ, “ಇದರಲ್ಲಿ ಇವಳನ್ನು ಒಂದು ಸಲ ಸೋಲಿಸಿ ಮಾರಾಯ್ರೇ, ಆಮೇಲೆ ಧಾರಾಳ ಕರ್ಕೊಂಡು ಹೋಗಿ” ಎಂದರು. ನನಗೆ ಆನಂದವೋ ಆನಂದ! ಚಿಕ್ಕಂದಿನಲ್ಲಿ ಬೆರಳಲ್ಲಿ ಗುಳ್ಳೆ ಏಳುವವರೆಗೆ ಬಟನ್ ಒತ್ತಿಯೂ, ಚಕ್ಕುಲಿ ತಿನ್ನುತ್ತ ಕೂತ ಅಣ್ಣ ಉಜ್ವಲ್‌ನ ಎದುರು ಒಮ್ಮೆಯೂ ಗೆಲ್ಲದವಳು ನಾನು. ಆದರೂ ಅಪಾಯ ಬೇಡವೆಂದು ಈ ಸಲ ಏನನ್ನೂ ಒತ್ತದೆ, ರಿಮೋಟನ್ನು ಮಡಿಲಲ್ಲಿಟ್ಟು ಕೈಕಟ್ಟಿ ಕೂತೆ.

ಆಗ ತಾವು ಮಾಡಿದ್ದೇನು? ಪ್ರಖ್ಯಾತರ ಕೆಂಪು ಚಡ್ಡಿಯವರು ಗುದ್ದಿದರು, ಒದ್ದರು, ಹಾರಿ ಬಿದ್ದರು. ತಾವು ಬಂಡೆ! ಸುಮ್ಮನೆ ನಿಂತವನಿಗೆ ಪೆಟ್ಟೇ ತಾಗದು, ಹೊಡೆಯುವವನ ಶಕ್ತಿಯೇ ಖಾಲಿಯಾಗುತ್ತದೆ ಎಂಬ ದಿವ್ಯ ಏರ್ಪಾಟು ತಮ್ಮ ಆಟದಲ್ಲಿ ಉಂಟೆಂದು ಆ ಕ್ಷಣ ತಿಳಿಯಿತು. ಅಣ್ಣನ ಚಕ್ಕುಲಿಯ ಗುಟ್ಟೂ ತಿಳಿಯಿತು. ಕೆಂಪು ಚಡ್ಡಿಯವರು ಹೊಡೆದು ಹೊಡೆದು ಸುಸ್ತಾಗಿಯೇ ಬಿದ್ದರು. “ಕೈಕಟ್ಟಿ ಕೂತವಳ ಹತ್ತಿರವೇ ಸೋತಿರಲ್ಲ ಅಳಿಯಂದಿರೇ, ಇವಳು ಎದ್ದು ನಿಂತರೆ ನಿಮ್ಮ ಗತಿ ಎಂತ?” ಎಂದು ಅಜ್ಜಿ ನಕ್ಕ ನಗು ಕಾಪುವಿನ ದೀಪಸ್ತಂಭದವರೆಗೆ ಕೇಳಿರಬೇಕು. ಪ್ರಖ್ಯಾತ್ ಒಬ್ಬರೇ ಬಸ್ಸು ಹತ್ತಿದರು. ಗುಟ್ಟು ಅಜ್ಜಿಗೂ ತಿಳಿದುಹೋದದ್ದರಿಂದ, ಇನ್ನು ನಾನಾಗಿ ಬಟನ್ ಒತ್ತಿದರೆ ಬೇಕೆಂದೇ ಸೋತದ್ದೆಂದು ಪಂದ್ಯವೇ ರದ್ದು.

ಆದುದರಿಂದ ತಾವು ದಯವಿಟ್ಟು ಬೀಳಲು ಕಲಿಯಬೇಕೆಂದು, ಪೂರ್ತಿ ಬೀಳಲು ಗೌರವ ಅಡ್ಡಬಂದರೆ ತಲೆಸುತ್ತು ಬಂದವರಂತೆ ತುಸು ವಾಲಿಯಾದರೂ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇಷ್ಟು ಬರೆದು ಮುಗಿಸುವವಳಿದ್ದೆ. ಆದರೆ ಇಂದು ಸೇಡಿನ ಪಂದ್ಯಕ್ಕೆಂದು ಪ್ರಖ್ಯಾತ್ ಪುನಃ ಬಂದರು, ಅವರೂ ಕೈಕಟ್ಟಿ ಕೂತರು. ತಮ್ಮ ಆಟದಲ್ಲಿ ಗಡಿಯಾರವೆಂಬುದೇ ಇಲ್ಲ. ತಾವೂ ಕೆಂಪು ಚಡ್ಡಿಯವರೂ ಮುಖಾಮುಖಿ ನಿಂತೇ ಇದ್ದೀರಿ, ನಾವಿಬ್ಬರೂ ಒಂದೇ ಚಾಪೆಯಲ್ಲಿ ಕೂತೇ ಇದ್ದೇವೆ. ಊಟವಾಯಿತು, ಚಹಾ ಆಯಿತು, ಫಲಿತಾಂಶ ಕಾದು ಕಾದು ಅಜ್ಜಿಗೆ ಗೊರಕೆ ಬಂತು. ಪಂದ್ಯ ಮುಗಿಯುವ ಮೊದಲು ಅಳಿಯನನ್ನು ಎಬ್ಬಿಸಿ ಕಳಿಸುವುದು ಯಾವ ಕ್ರಮದಲ್ಲೂ ಇಲ್ಲ, ಅಲ್ವಾ? ಮೇಲಿನ ಪ್ರಾರ್ಥನೆಯನ್ನು ಹಿಂತೆಗೆದುಕೊಂಡಿದ್ದೇನೆ. ದಯವಿಟ್ಟು ಅಲ್ಲಾಡಬೇಡಿ.

ಬಲಗೈ ಸದ್ಯ ಇನ್ನೊಬ್ಬರ ವಶದಲ್ಲಿರುವುದರಿಂದ ಎಡಗೈಯಲ್ಲಿ ಸಹಿ ಮಾಡುತ್ತಿರುವ,
ತಮ್ಮ ವಿಶ್ವಾಸಿ
ಪ್ರಣೀತಾ

ವಿ.ಸೂ.: ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಕೂಡಲೇ ನಾನು ಬಜಗೋಳಿಗೆ ಹೊರಡುತ್ತೇನೆ. ತಾವು ಜೊತೆಗೆ ಬರುವುದು ಬೇಡ. ಅಲ್ಲಿ ನಮ್ಮ ಜಗಳವನ್ನು ನಾವೇ ಆಡಿಕೊಳ್ಳುತ್ತೇವೆ. ನಮ್ಮಿಬ್ಬರಿಗೂ ಮೊಣಕೈ ಮಡಚಲು ಬರುತ್ತದೆ.