ನೊಣ ನುಂಗೂ ಗಿಡದ ಹೆಸರು ಕಳದದ್ದು

ಬರ್ರಿ, ಚಾಪಿ ಹಾಸೀನಿ, ಆರಾಮ ಕುಂದರ್ರಿ. ಆ ಫೋನು ಬಾಜೂಕ ಇಡ್ರಿ. ರಂಗಂಪೇಟಿಯ ನಮ್ಮನ್ಯಾಗ ನಗೂ ಮಾತು ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅವ ಬಾಗಲಾ ಬಡಕೊಂಡು ಬರ್ತಾವ. ಹೋದ ವರ್ಷ ಅಂಥಾದ್ದೊಂದು ಪೋಸ್ಟಿನಾಗ ಬಂತು.

೧. ಗಿಡ ಬಂತು

ನನ್ನ ಮೊಮ್ಮಗಳು ಯಾದಗಿರಿ ಕಾಲೇಜಿನಾಗ ಗಿಡಗಳ ಓದು ಓದ್ತಾಳ. ಒಂದಿನ ಚಾದ ಕಪ್ಪಿನಷ್ಟು ಕುಂಡದಾಗ ಗಿಡ ತರಿಸಿದಳು. ಎಲಿ ತುದಿಗೊಂದು ಬಾಯಿ, ಬಾಯಿ ಅಂಚಿಗೆ ಹಲ್ಲಿನ ಸಾಲು.

"ಆಯಿ, ಇದು ವೀನಸ್ ಫ್ಲೈಟ್ರ್ಯಾಪ್. ನೊಣ ಕುಂತ್ರ ಬಾಯಿ ಮುಚ್ಚಿ ನುಂಗ್ತದ. ಬೋರಿನ ನೀರು ಹಾಕಬ್ಯಾಡ, ಮಳಿ ನೀರ ಬೇಕು."

ಇಡೀ ಓಣಿ ಬೋರಿನ ನೀರು ಕುಡದು ಬೆಳದದ, ಈ ಗೇಣಿಲ್ಲದ್ದಕ್ಕ ಮಳಿ ನೀರು!

ಬಾಜೂ ಮನಿಯಾಕಿ ಸೊಂಟದ ಮ್ಯಾಲ ಕೈ ಇಟ್ಟು ನೋಡಿದಳು. "ನೊಣಾ ಹಿಡ್ಯಾಕಂತ ಪೋಸ್ಟಿನಾಗ ತರಿಸೀರೇನು? ನನ್ನ ಕೇಳಿದ್ರ ನಾಕು ಹಲ್ಲಿ ಪುಕ್ಕಟ ಕೊಡ್ತಿದ್ದೆ."

೨. ಹೆಸರು ಹೋತು

ಈ ಗಿಡದಾಗೂ ಭಾಳ ಜಾತಿ ಅದಾವಂತ. ಯಾವ ಜಾತಿ ಅಂತ ಬರದ ಬಿಳಿ ಪ್ಲಾಸ್ಟಿಕ್ ಕಡ್ಡಿ ಕುಂಡದಾಗ ಚುಚ್ಚಿರ್ತಾರ. ಒಂದಿನ ಮುಂಜಾನಿ ಕುಂಡ ಅದ, ಕಡ್ಡಿ ಇಲ್ಲ. ಯಾವ್ದರೇ ಒಂದು ಕಳಸ್ರಿ ಅಂತ ತರಿಸಿದ್ದಾಕಿ, ಕಡ್ಡಿ ಮ್ಯಾಲಿಂದು ಇನ್ನೂ ಓದಿರಲಿಲ್ಲ; ಹುಡುಗಿ ಅಳಾಕ ಹತ್ತಿದಳು. ಕಾಲೇಜಿನಾಗ ಗಿಡಗಳ ಪ್ರದರ್ಶನ ಇತ್ತು, ಹೆಸರಿಲ್ಲದ ಗಿಡ ಟೇಬಲ್ ಮ್ಯಾಲ ಇಡಾಂಗಿಲ್ಲ ಅಂತ ಮೇಡಂ ಮೊದಲ ಹೇಳಿದ್ರು.

ಹೊರಸಿನ ಕೆಳಗ, ಕಸದ ಬುಟ್ಟ್ಯಾಗ, ಎಲ್ಲಾ ಕಡೆ ಹುಡಕಿದಿವಿ. ನಾನೂ ಎಲಿ-ಅಡಕಿ ಹಾಕ್ಕೋತ ಹುಡಕಿದೆ. ಕಡೀಕ ಗಿಡ ಮಾರಿದವಗ ಫೋನ್ ಹಚ್ಚಿದಳು.

"ತಂಗೀ, ನನ್ನ ಹತ್ರ ಥರಾ ಥರಾ ಅದಾವ. ಆ ಕಡ್ಡಿ ಮ್ಯಾಲ ಏನದ ಓದಿ ಹೇಳು, ಯಾವ್ದು ಅಂತ ಹೇಳ್ತೀನಿ."

೩. ಶಹಾಪುರದಾಗ ತಪಾಸಣಿ

ಶಹಾಪುರದಾಗ ಬೆಳಿಗೆ ಹೊಡ್ಯೂ ಹುಳದ ಎಣ್ಣಿ ಮಾರೂ ಅಂಗಡ್ಯವ ಎಲಿ ನೋಡಿ ಎಲ್ಲಾ ಹೇಳ್ತಾನ ಅಂದ ನನ್ನ ಮಗ. ಕುಂಡ ಉಡ್ಯಾಗ ಇಟ್ಕೊಂಡು ನಾನೂ ಮೊಮ್ಮಗಳೂ ಬಸ್ ಹತ್ತಿದಿವಿ.

ಅಂವ ಚಷ್ಮಾ ಏರಿಸಿ ನೋಡಿದ. "ಎಲಿ ಮಡಚ್ಯಾವ. ಹತ್ತಿಗೂ ಹಿಂಗ ಆಗ್ತದ. ಹುಳಾ ಬಿದ್ದಾವ, ಎಣ್ಣಿ ಹೊಡೀರಿ."

"ಹುಳಾ ಇದಕ್ಕ ಬಿದ್ದಿಲ್ರೀ ಸಾಹುಕಾರ್ರ, ಇದರಾಗ ಬೀಳ್ತಾವ," ಅಂದೆ.

ಅಂವ ನಂಬಲಿಲ್ಲ. ಪೆನ್ನಿನ ತುದಿ ಗಿಡದ ಬಾಯಾಗ ಒಮ್ಮಿ ತಿವಿದ, ಎರಡನೇ ಸಲ ತಿವಿದ. ಟಪ್ ಅಂತ ಮುಚ್ಚಿತು! ಪೆನ್ನು ಬಿಟ್ಟು ಹಿಂದ ಜಿಗದ.

"ಅವ್ವಾ, ಹುಳದ ಬಾಯಾಗಿಂದ ಬೆಳಿ ಉಳಸಾಕ ನನ್ನ ಹತ್ರ ಎಲ್ಲಾ ಅದ. ಬೆಳಿ ಬಾಯಾಗಿಂದ ಪೆನ್ನು ಬಿಡಸಾಕ ಏನೂ ಇಲ್ಲ!"

೪. ಅಂದಾಜಿನ ಹೆಸರು

ಮನಿಗೆ ಬಂದು ಹುಡುಗಿ ಫೋನಿನಾಗಿನ ಫೋಟೋಕ್ಕ ಗಿಡಾ ಹೋಲಿಸಿದಳು. ಹಸರ ಎಲಿ, ಕೆಂಪು ಬಾಯಿ, ಸಣ್ಣ ಹಲ್ಲು.

"ಎರಡು ಹೆಸರು ಹೊಂದ್ತಾವ, ಆಯಿ."

"ಒಂದು ಬರದುಬಿಡು, ಯಾರ ಕೇಳ್ತಾರ?"

"ಸುಳ್ಳ ಹೆಸರು ಬರದ್ರ, ನಾಳಿ ಇದರ ಮರಿ ಒಯ್ದವರೂ ಅದನ್ನ ಬರೀತಾರ. ನಿನ್ನ ಗುರುತಿನ ಕಾರ್ಡಿನಂಗ ಆಗ್ತದ."

ಕಾರ್ಡ್ ಮಾಡಾಕ ಬಂದವ ವಯಸ್ಸು ಕೇಳಿದಾಗ, "ನೀನ ನೋಡಿ ಬರ್ಕೋಳಪ್ಪಾ," ಅಂದಿದ್ದೆ. ಅವಗ ನಾ ಎಳೀ ಹುಡುಗಿ ಕಂಡಿರಬೇಕು. ಆ ಕಾರ್ಡಿನ ಪ್ರಕಾರ ನಾ ನನ್ನ ಮಗನಿಗಿಂತ ಬರೇ ಆರು ವರ್ಷಕ್ಕ ದೊಡ್ಡಾಕಿ. ಅಂವ ಇವತ್ತಿಗೂ ಅಂತಾನ: "ಅವ್ವಾ, ನೀ ನನ್ನ ಹಡದಿಲ್ಲ, ನನ್ನ ಕೂಡ ಕುಂಟೆಬಿಲ್ಲಿ ಆಡೀದಿ."

ಹುಡುಗಿ ಹೊಸಾ ಚೀಟಿ ಬರದು ಓದಿ ಹೇಳಿದಳು: "ಹೆಸರು ಗೊತ್ತಿಲ್ಲ. ಸಿಕ್ಕದ್ದು: ಪೋಸ್ಟಿನಾಗ. ಗುರುತು: ಕೆಂಪು ಬಾಯಿ, ಸಣ್ಣ ಹಲ್ಲು."

೫. ಸುಣ್ಣದ ಡಬ್ಬಿ

ಪ್ರದರ್ಶನದ ದಿನ ನಾನೂ ಯಾದಗಿರಿಗೆ ಹೋದೆ. ಮೇಡಂ ಬಂದು ಚೀಟಿ ಓದಿ ಹುಬ್ಬು ಏರಿಸಿದ್ರು. "ಗೊತ್ತಿಲ್ಲ ಅಂತ ಯಾರರೇ ಬರೀತಾರೇನವ್ವಾ? ಗಿಡ ತಗಿ."

ಹುಡುಗಿ ಕಣ್ಣು ತುಂಬಿ ಬಂದ್ವು. ನನಗ ಸಂಕಟ ಆದ್ರ ಕೈ ಎಲಿ-ಅಡಕಿ ಸಂಚಿಗೆ ಹೋಗ್ತದ. ಎಲಿ ತಗದೆ, ಡಬ್ಬಿ ತಗದೆ, ಕಡ್ಡೀಲಿ ಸುಣ್ಣ ಹಚ್ಚಾಕ ಹತ್ತಿದೆ.

ಮೇಡಂ ಬಗ್ಗಿ ನೋಡಿದ್ರು. "ಅಜ್ಜೀ, ಕೈಯಾಗ ಏನದು?"

"ಸುಣ್ಣದ ಕಡ್ಡಿ ರೀ. ಮನಿ ಕಟ್ಟಿ ಕೆಳಗ ಬಿದ್ದಿತ್ತು, ಛಲೋ ಅದ ಅಂತ ಇಟ್ಕೊಂಡೀನಿ."

ಮೊಮ್ಮಗಳು ಕಸಗೊಂಡು ನನ್ನ ಸೆರಗಿಲೇ ಒರಸಿದಳು. ಸುಣ್ಣದ ಕೆಳಗ ಇರವಿ ಸಾಲಿನಂಗ ಅಕ್ಷರ! ಪೆನ್ಸಿಲ್ ಬರಹ, ಅಳಸಿರಲಿಲ್ಲ.

"ರೆಡ್ ಪಿರಾನಾ! ನಾ ಅಂದ್ಕೊಂಡ ಎರಡೂ ಅಲ್ಲ!"

"ಇದು ಮೈಯೆಲ್ಲಾ ಕೆಂಪಾಗೂ ಜಾತಿ," ಅಂದ್ರು ಮೇಡಂ. "ಹಸರ ಯಾಕದ? ಬಿಸಲಿಗೆ ಇಟ್ಟಿಲ್ಲೇನು?"

ಹುಡುಗಿ ನನ್ನ ಕಡೆ ನೋಡಿದಳು. ಎಳೀ ಕೂಸು ಬಾಡೀತು ಅಂತ ದಿನಾ ಕುಂಡ ನೆಳ್ಳಿಗೆ ಸರಸ್ತಿದ್ದಾಕಿ ನಾನ. ಅದರ ಹೆಸರು ಕದ್ದಾಕಿ ನಾ, ಬಣ್ಣ ಕದ್ದಾಕಿನೂ ನಾ.

ಮೇಡಂ ಕಣ್ಣಾಗ ನೀರು ಬರೂತನಕ ನಕ್ರು. "ಅಂದಾಜಿಲೆ ಬರದಿದ್ರ ತಪ್ಪಾಗ್ತಿತ್ತು ತಂಗಿ. ಗೊತ್ತಿಲ್ಲ ಅಂದಿದ್ದ ಖರೆ ಆತು. ಗಿಡ ಇಲ್ಲೇ ಇರಲಿ."

ಈಗ ಗಿಡ ಮಾಳಿಗಿ ಬಿಸಲಾಗ ಒಣಮೆಣಸಿನಕಾಯಿ ಹಂಗ ಕೆಂಪಗದ, ಮರೀನೂ ಹಾಕ್ಯಾದ. ಒಂದು ಮರಿ ಶಹಾಪುರದ ಅಂಗಡ್ಯವ ಒಯ್ದಾನ, ಬಂದವರಿಗೆಲ್ಲಾ ಪೆನ್ನು ದೂರ ಹಿಡೀರಿ ಅಂತಾನ. ಬಾಜೂ ಮನಿಯಾಕಿನೂ ಒಂದು ಒಯ್ದಾಳ, ಹಲ್ಲಿಗೋಳು ಸಿಟ್ಟಾಗ್ಯಾವ ಅಂತಾಳ. ಮೇಡಂ ಹೊಸಾ ಹುಡುಗರಿಗೆ ಮೊದಲು "ಗೊತ್ತಿಲ್ಲ" ಅಂತ ಬರಿಯೂದು ಕಲಸ್ತಾರಂತ. ಮೊಮ್ಮಗಳು ಕಾಲೇಜಿನ ತೋಟದ ಎಲ್ಲಾ ಗಿಡಕ್ಕೂ ಚೀಟಿ ಬರ್ಯಾಕತ್ಯಾಳ.

ನನ್ನ ಎಲಿ ಸಂಚಿಗೂ ಒಂದು ಕಟ್ಯಾಳ. ಏನದು ಅಂತ ಮಗನ ಕಡಿಂದ ಓದಸಿದೆ:

"ಆಯಿ. ವಯಸ್ಸು ಗೊತ್ತಿಲ್ಲ. ಸಿಕ್ಕದ್ದು: ರಂಗಂಪೇಟಿ. ಗುರುತು: ಕೆಂಪು ಬಾಯಿ, ಹಲ್ಲು ಕಮ್ಮಿ. ನೆಳ್ಳಾಗ ಇಡ್ರಿ."