ಏಷ್ಯಾ ಬೆಟ್ಟದ ಬುಡದವರೆಗೆ ಬಂತು

ಏಷ್ಯಾದ ದೇಶಗಳೆಲ್ಲ ಸೇರಿ ಲೋಕದ ಆರೋಗ್ಯಕ್ಕೆ ನೀತಿ ಬರೆಯುತ್ತವಂತೆ. ಬರೆಯುವ ಮುಂಚೆ ಅವುಗಳ ನಿಯೋಗಗಳು ನಮ್ಮ ಕಡೆ ಒಂದು ಸುತ್ತು ಹಾಕುತ್ತವೆ, ಬಂದಾಗಲೆಲ್ಲ ಏನಾದರೊಂದು ಆಗದೆ ಇರುವುದಿಲ್ಲ. ನಾನು ತಮಿಳುನಾಡಿನೊಳಗಿನ ಕನ್ನಡದೂರುಗಳ ಹಳ್ಳಿ ನರ್ಸು. ಊರವರ ಕನ್ನಡವನ್ನು ಆರೋಗ್ಯ ಇಲಾಖೆಯ ಸಾಹೇಬರಿಗೆ ತಮಿಳಿನಲ್ಲಿ ಹೇಳುವುದು ನನ್ನ ಕೆಲಸ. ಅವರು ಅದನ್ನು ಇಂಗ್ಲಿಷಿಗೆ ಹಾಕುತ್ತಾರೆ. ಹಾಕುವಾಗ ಏನೇನು ಉದುರುತ್ತದೋ ದೇವರಿಗೇ ಗೊತ್ತು.

ಜನರ ಸಮಿತಿ

ಪೆನ್ನಾಗರಂ ಹತ್ತಿರದ ಒಂದೂರಿಗೆ ನಿಯೋಗ ಬರುವ ದಿನ, ಆರೋಗ್ಯ ಸಮಿತಿ ಕಾಗದದಲ್ಲಿ ಮಾತ್ರ ಇರುವುದು ಸಾಹೇಬರಿಗೆ ನೆನಪಾಯಿತು. ಬಸ್ ಸ್ಟಾಪಿನಲ್ಲಿ ಕೂತಿದ್ದ ಐದು ಜನರನ್ನು ತಂದು ಸಾಲಾಗಿ ಕೂರಿಸಿದರು.

"ಸಮಿತಿಯಲ್ಲಿ ನಿಮ್ಮ ಅವಧಿ ಎಷ್ಟು?" ಅತಿಥಿಯೊಬ್ಬರು ಒಬ್ಬ ಅಜ್ಜನನ್ನು ಕೇಳಿದರು.

"ಧರ್ಮಪುರಿ ಬಸ್ಸು ಬರೋಗಂಟ ಇರ್ತೀನಿ ತಾಯಿ," ಅಂದ ಅಜ್ಜ ನನಗೆ.

ಸಾಹೇಬರು ಇಂಗ್ಲಿಷಿನಲ್ಲಿ "ಮೂರು ವರ್ಷ" ಅಂದರು.

ಕೈ ತೊಳೆಯುವ ಆರು ಹಂತ

ಇನ್ನೊಂದು ನಿಯೋಗಕ್ಕೆ ಹೆಂಗಸರು ಸಾಲಾಗಿ ನಿಂತು ಒಣಗೈಯಲ್ಲೇ ಆರು ಹಂತ ತೋರಿಸಿದರು. ಬಾಳೆಹಣ್ಣು ತಿಂದು ಕೈ ಅಂಟಾಗಿದ್ದ ಅತಿಥಿ, ನೀರೆಲ್ಲಿ ಅಂತ ಕೇಳಿದರು.

ಸಾಲಿನ ಕೊನೆಯ ಅಜ್ಜಿ ನನಗೆ ಹೇಳಿದಳು: "ನಲ್ಲೀಲಿ ನಾಳಿದ್ದು ಬತ್ತೈತೆ. ಅಲ್ಲಿಗಂಟ ಕೈನ ಅಂಗೇ ಇಡ್ಕೊಂಡಿರಾಕೇಳು."

ಡೋಲಿ

ಆಮೇಲೆ ನನಗೆ ಸೇಲಂ ಜಿಲ್ಲೆಯ ಕೊಳತ್ತೂರು ಕಡೆ ವರ್ಗವಾಯಿತು. ಅಲ್ಲಿ ಬೆಟ್ಟದ ಮೇಲಿನ ಒಂದೂರಿಗೆ ಜೀಪು ಹತ್ತುವುದಿಲ್ಲ. ಚೊಚ್ಚಲ ಬಸುರಿಯೊಬ್ಬಳಿಗೆ ನೋವು ಶುರುವಾದಾಗ ಬಿದಿರಿಗೆ ಸೀರೆ ಕಟ್ಟಿ ಡೋಲಿ ಮಾಡಿ, ಅವಳನ್ನು ಕೂರಿಸಿ, ಗಂಡ ಮುಂದೆ, ಮೈದುನ ಹಿಂದೆ ಹೊತ್ತು ಇಳಿದರು. ನಾನು ಅವಳ ಕೈ ಹಿಡಿದು ಪಕ್ಕದಲ್ಲಿ ನಡೆದೆ. ಅರ್ಧ ದಾರಿಯಲ್ಲೇ ಬಂಡೆಯ ನೆರಳಲ್ಲಿ ಹೆರಿಗೆ ಮಾಡಿಸಬೇಕಾಯಿತು. ಮಗು ಅತ್ತ ಮೇಲೆ ಮತ್ತೆ ಡೋಲಿ ಎತ್ತಿ ಇಳಿದೆವು.

ಸೇಲಂನ ಎ.ಸಿ. ಹಾಲಿನಲ್ಲಿ ಏಷ್ಯಾದ ದೇಶಗಳ ಸಭೆ ಸೇರಿತು. ಬೆಟ್ಟದವರಿಗೆ ಆರೋಗ್ಯ ಮುಟ್ಟಿಸುವ ಬಗೆ ಹೇಗೆ ಅನ್ನುವುದೇ ಅಲ್ಲಿಯ ಚರ್ಚೆ. ಬೆಟ್ಟ ಹತ್ತಿದವಳು ಅಂತ ನನಗೆ ಎರಡು ನಿಮಿಷ ಕೊಟ್ಟರು. ರಸ್ತೆ ಬೇಕು ಅಂತ ಕೇಳಲೆಂದೇ ನಡೆದದ್ದನ್ನೆಲ್ಲ ಹೇಳಿದೆ. ಸಾಹೇಬರು ಇಂಗ್ಲಿಷಿಗೆ ಹಾಕಿದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

ಹೊರಗೆ ಬಂದಾಗ ಸಾಹೇಬರು ಬೀಗುತ್ತಾ ಹೇಳಿದರು: "ನಿಮ್ಮ ಡೋಲಿಗೆ 'ಜನರೇ ನಡೆಸುವ ತುರ್ತು ಸಾರಿಗೆ' ಅಂತ ಹೆಸರು ಕೊಟ್ಟೆನಮ್ಮ. ಆರು ದೇಶದವರು ಅದನ್ನು ಮಾದರಿಯಾಗಿ ತಗೊಳ್ತಾರಂತೆ."

ರಸ್ತೆಯ ಮಾತು ಏನಾಯಿತು ಅಂತ ಕೇಳಿದೆ. "ಟೈಮ್ ಇರಲಿಲ್ಲ," ಅಂದರು.

ಮಗುವಿಗೆ ಲಸಿಕೆ ಹಾಕಲು ಬೆಟ್ಟ ಹತ್ತಿದಾಗ ಇದನ್ನೆಲ್ಲ ಆ ಬಾಣಂತಿಯ ಗಂಡನಿಗೆ ಹೇಳಿದೆ. ಅವನ ಹೆಗಲಿನ ಬಾವು ಇನ್ನೂ ಇಳಿದಿರಲಿಲ್ಲ. ಅದನ್ನು ಸವರಿಕೊಳ್ಳುತ್ತಾ ಅಂದ:

"ಡೋಲಿ ಬೇಕಾದ್ರೆ ಅವ್ರೇ ಮಡಿಕ್ಕೊಳ್ಳಲಿ ಅಕ್ಕಾ. ಅವ್ರು ಬಿಟ್ಟಾಕೋ ಆಂಬುಲೆನ್ಸ್ ರಸ್ತೆ ಸಮೇತ ನಮಗೆ ಕೊಟ್ಬುಡಾಕೇಳು."