ಮಗಳನ್ನ ಕರೆತರಲು ಗ್ರೀಸಿನ ಗುಡ್ಡ ಹತ್ತಿದ್ದು

ನಮ್ಮ ಯಜಮಾನರ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ತೀರುತ್ತೆ. ಕಾರ್ ಕಂಪನಿಯಲ್ಲಿ ಕ್ವಾಲಿಟಿ ಎಂಜಿನಿಯರ್ ಅವರು. ಹುಣ್ಣಿಮೆ ಚಂದ್ರನಲ್ಲೂ ಡಿಫೆಕ್ಟ್ ಹುಡುಕೋ ಜಾತಿ.

೧. ಹೊರಡೋ ಮುಂಚೆ

ಅಮೆರಿಕದ ಕ್ಯಾಂಟನ್‌ನಲ್ಲಿ ಹುಟ್ಟಿ ಬೆಳೆದ ನಮ್ಮ ಮಗಳು ಮೆಡಿಸಿನ್‌ಗೆ ಅಪ್ಲೈ ಮಾಡೋದು ಬಿಟ್ಟು, ಗ್ರೀಸಿನ ಯಾವುದೋ ಗುಡ್ಡದ ಮೇಲೆ ಹಳೇ ಊರು ಅಗೆಯೋಕೆ ಹೋಗಿದ್ದಳು. ವುಡ್‌ರಿಡ್ಜ್‌ನಲ್ಲಿರೋ ನನ್ನ ನಾದಿನಿ ಫೋನ್ ಮಾಡಿದಾಗೆಲ್ಲ "ಪಾಪ, ಇನ್ನೂ ಮಣ್ಣು ಕೆದಕ್ತಾನೇ ಇದಾಳಾ ಅತ್ತಿಗೆ?" ಅನ್ನೋಳು. ಅವಳ ಮಗ ಡೆಂಟಿಸ್ಟ್, ಅದಕ್ಕೆ ಅಷ್ಟು ಮರುಕ.

"ಹೂಂ ಕಣೇ, ನಿನ್ನ ಮಗ ಹಲ್ಲು ಕೆದಕಲ್ವಾ, ಹಾಗೇ" ಅಂದೆ. ಆಮೇಲೆ ಸುಮಾರು ದಿನ ಫೋನಿಲ್ಲ. ಮನೆ ತಣ್ಣಗಿತ್ತು.

ಆದರೆ ಇವರಿಗೆ ತಡೀಲಿಲ್ಲ. "ನಡಿ, ಹೋಗಿ ಕರ್ಕೊಂಡೇ ಬರೋಣ" ಅಂದರು.

೨. ಗುಡ್ಡದ ಮೇಲೆ

ಏದುಸಿರು ಬಿಟ್ಕೊಂಡು ಹತ್ತಿದ್ವಿ. ಮಗಳು ಹೆಮ್ಮೆಯಿಂದ ಕೋಟೆ ಗೋಡೆ ತೋರಿಸಿ, ಸಾವಿರಾರು ವರ್ಷದ್ದು, ಗಾರೆಯೇ ಇಲ್ಲದೆ ನಿಂತಿದೆ ಅಂದಳು. ಇವರು ಒಂದು ಕಣ್ಣು ಮುಚ್ಚಿ ನೋಡಿ, "ಲೈನ್ ಸ್ವಲ್ಪ ಔಟ್ ಆಗಿದೆಯಲ್ಲ" ಅಂದರು.

"ನೀವೇ ಮುಂದೆ ನಿಂತು ಮಾಡಿಸಿದ ನಮ್ಮ ಬೇಸ್‌ಮೆಂಟ್ ಥರ ಸೋರ್ತಿಲ್ಲ ಬಿಡಿ" ಅಂದೆ.

ಸಂಜೆ ಮಗಳು ತಲೆ ತಗ್ಗಿಸಿಕೊಂಡು ಹೇಳಿದಳು: "ಸೀಸನ್ ಆಲ್ಮೋಸ್ಟ್ ಓವರ್. ಇಲ್ಲಿ ನನಗೆ ಇನ್ನು ವರ್ಕ್ ಇಲ್ಲ ಅಂದ್ರೆ ನಿಮ್ಮ ಜೊತೆ ಬಂದು ಮೆಡಿಕಲ್ ಎಂಟ್ರೆನ್ಸ್ ಬರೀತೀನಿ."

ಇವರ ಮುಖ ಊರಗಲ ಆಯ್ತು. ಅವಳ ಮುಖ ಮಾತ್ರ ಬಾಡಿಹೋಗಿತ್ತು.

೩. ಸಹಾಯ

ಬೆಳಗ್ಗೆ ನಾವಿಬ್ಬರೂ ಕಾಫಿ ಕುಡಿದು ಬಂದರೆ, ಇವರು ಶೆಡ್‌ನಲ್ಲಿ ತೋಳು ಮಡಚಿಕೊಂಡು ನಿಂತಿದ್ದಾರೆ! ಅಲ್ಲಿ ಮಗಳೂ ಅವಳ ಜೊತೆಯವರೂ ಅಗೆದ ಮಡಕೆ ಚೂರುಗಳನ್ನ ಮಣ್ಣಿನ ಒಂದೊಂದು ಪದರಕ್ಕೆ ಒಂದೊಂದು ಟ್ರೇ ಅಂತ ಬೇರೆಬೇರೆಯಾಗಿ ಇಟ್ಟಿದ್ದರು. ಯಾವ ಚೂರು ಯಾವ ಕಾಲದ್ದು ಅಂತ ಗೊತ್ತಾಗೋದೇ ಆ ಪದರದಿಂದ. ಇಡೀ ಬೇಸಿಗೆಯ ದುಡಿಮೆ ಅದು.

"ಎಷ್ಟು ಗಲೀಜಾಗಿತ್ತು ಗೊತ್ತಾ! ದೊಡ್ಡದೆಲ್ಲ ಒಂದ್ಕಡೆ, ಚಿಕ್ಕದೆಲ್ಲ ಒಂದ್ಕಡೆ, ನೀಟಾಗಿ ಸಾರ್ಟ್ ಮಾಡ್ಬಿಟ್ಟೆ. ಇನ್ನೇನೂ ಕೆಲಸ ಉಳಿದಿಲ್ಲ, ಪ್ಯಾಕ್ ಮಾಡ್ಕೋ ಪುಟ್ಟಿ" ಅಂದರು.

"ಓ ಮೈ ಗಾಡ್, ಡ್ಯಾಡ್!" ಅಂತ ಮಗಳು ನೆಲದ ಮೇಲೇ ಕೂತಳು.

ಅವಳ ಪ್ರೊಫೆಸರಮ್ಮ ಬಂದು ನೋಡಿದರು. ಒಂದೊಂದೇ ಟ್ರೇ ಎತ್ತಿ ಕೆಳಗಿಟ್ಟರು. ಆಮೇಲೆ ಮಗಳ ಕಡೆ ತಿರುಗಿ, "ಅಗೆಯುವಾಗ ತೆಗೆದ ಫೋಟೋ ನೋಡಿಕೊಂಡು ಒಂದೊಂದು ಚೂರನ್ನೂ ಅದರ ಜಾಗಕ್ಕೆ ಸೇರಿಸೋವರೆಗೂ ನೀನು ಇಲ್ಲಿಂದ ಕದಲೋ ಹಾಗಿಲ್ಲ" ಅಂತ ಇಂಗ್ಲಿಷಿನಲ್ಲಿ ಗುಡುಗಿದರು.

"ಎಷ್ಟು ದಿನ ಆಗುತ್ತೆ ಮೇಡಂ?" ಇವರು ಮಡಚಿದ ತೋಳು ಇಳಿಸ್ತಾ ಕೇಳಿದರು.

"ದಿನಾನಾ? ಎರಡು ವರ್ಷ!"

ಅಳ್ತಾ ಕೂತಿದ್ದ ಮಗಳು ಚಂಗನೆ ಎದ್ದು ಬಂದು ಅಪ್ಪನ್ನ ತಬ್ಬಿಕೊಂಡಳು. ಮಕ್ಕಳಿಗೆ ಕೆಲಸ ಕೊಡಿಸೋಕೆ ಅಪ್ಪಂದಿರು ಯಾರ್‍ಯಾರ ಕಾಲೋ ಹಿಡೀತಾರೆ. ನಮ್ಮವರು ಯಾರನ್ನೂ ಕೇಳದೆ, ನಾವು ಕಾಫಿ ಕುಡಿದು ಬರೋದರೊಳಗೆ ಕೊಡಿಸಿಬಿಟ್ಟಿದ್ದರು.